ಚಳಿ ಬಿಟ್ಟ ಕೂಡಲೇ ಶುರು

ರಾತ್ರಿ ನಿದ್ದೆ ಬಾರದೆ ಸುಮ್ನೆ ‘ಕಾರ್ಮಿನಾ ಬುರಾನಾ’ ಅನ್ನೋ ಪಾಶ್ಚಾತ್ಯ ಗಾಯನ ಕೃತಿ ಹಾಕಿಕೊಂಡೆ. ಎಲ್ಲರಿಗೂ ಗೊತ್ತಿರೋದು ಜಾಹೀರಾತುಗಳಲ್ಲಿ ಗುಡುಗುವ ಆ ಮೊದಲ ಕೋರಸ್ ಮಾತ್ರ, ಆದರೆ ಅದು ಮುಗಿದ ಮೇಲೆ ಬರುವ ವಸಂತದ ಹಾಡುಗಳಲ್ಲಿ ಹಿಮ ಕರಗುತ್ತೆ, ಕಾಡು ಚಿಗುರುತ್ತೆ, ಹುಡುಗ ಹುಡುಗಿಯರು ಬಯಲಿಗೆ ಓಡುತ್ತಾರೆ. ಮುಂದೆ ಬರುವ ಪ್ರೇಮದ ಹಾಡಲ್ಲಿ ಒಬ್ಬನಂತೂ ‘ತೋತುಸ್ ಫ್ಲೋರೆಯೋ’ ಅಂತಾನೆ, ‘ಪೂರ್ತಿ ಅರಳಿಬಿಟ್ಟಿದ್ದೇನೆ’ ಅಂತ. ಪಾಪ, ಪ್ರೀತಿ ಜಾಸ್ತಿಯಾಗಿದೆ!

ಜರ್ಮನ್ ಸಂಗೀತ ಸಂಯೋಜಕ ಕಾರ್ಲ್ ಓರ್ಫ್ ಇದಕ್ಕೆ ಸಂಗೀತ ಹಾಕಿದ್ದು 1930ರ ದಶಕದಲ್ಲಿ. ಪದ್ಯಗಳು ಮಾತ್ರ 13ನೇ ಶತಮಾನದ ಹಸ್ತಪ್ರತಿಯವು, ಲ್ಯಾಟಿನ್‌ನವೇ ಹೆಚ್ಚು. 1803ರಲ್ಲಿ ಅದು ಸಿಕ್ಕಿದ್ದೆಲ್ಲಿ ಗೊತ್ತಾ? ಜರ್ಮನಿಯ ಬವೇರಿಯಾದ ಬೆನೆಡಿಕ್ಟ್‌ಬಾಯರ್ನ್‌ನಲ್ಲಿ, ಸನ್ಯಾಸಿಗಳ ಮಠದಲ್ಲಿ! ಬೈಬಲ್ ಪಕ್ಕದಲ್ಲೇ ಇಟ್ಟಿದ್ದರೋ ಏನೋ. ಯಾರೋ ಕದ್ದು ಓದಿ ನಕ್ಕಿರಲೇಬೇಕು, ಅಲ್ವಾ?