ಹೀರೆ ಹೂವು ಅರಳೋದು ಸಂಜೆ

ನಮ್ಮ ಹಿತ್ತಲಿನ ಹೀರೆ ಬಳ್ಳಿ ಕೊನೆಗೂ ಕಾಯಿ ಬಿಟ್ಟಿದೆ. ಬೆಳಗ್ಗೆ ಅಳೆದು ನೋಡಿದೆ, ಸರಿಯಾಗಿ ಒಂದು ಗೇಣು. ಈ ಒಂದು ಗೇಣಿಗೆ ಮೂರು ವಾರ ಕಾದಿದ್ದೇನೆ.

ಬೀಜ ಹಾಕಿದ್ದು ಫೆಬ್ರವರಿ ಮೊದಲ ವಾರ. ಆಗ ಮೈಸೂರಿನಲ್ಲಿ ಬೆಳಗಿನ ಚಳಿ ಇನ್ನೂ ಪೂರ್ತಿ ಹೋಗಿರಲಿಲ್ಲ, ಮೊಳೆಯೋಕೆ ಹತ್ತು ದಿನ ಹಿಡಿಯಿತು. ಶಿವರಾತ್ರಿ ಕಳೆದು ಬಿಸಿಲು ಏರಿದ್ದೇ ತಡ, ಬಳ್ಳಿ ಚಪ್ಪರ ದಾಟಿ ಬಟ್ಟೆ ಒಣಹಾಕುವ ತಂತಿಯನ್ನೂ ಹಿಡಿಯಿತು. ಮಾರ್ಚ್ ನಡುವಿಗೆ ಗೊಂಚಲು ಗೊಂಚಲು ಹಳದಿ ಹೂವು, ಆದರೆ ಎಲ್ಲವೂ ಗಂಡು. ಹೀರೆ, ಸೋರೆ, ಕುಂಬಳ ಎಲ್ಲದರಲ್ಲೂ ಸಾಮಾನ್ಯವಾಗಿ ಗಂಡು ಹೂವೇ ಮೊದಲು ಬರೋದು. ಹೆಣ್ಣು ಹೂವಿನ ಗುರುತು ಸುಲಭ. ಹೂವಿನ ಬುಡದಲ್ಲಿ ಪುಟ್ಟ ಹೀರೆಕಾಯಿಯೇ ಇರುತ್ತೆ, ಗಂಡಿಗೆ ಬರೀ ತೊಟ್ಟು.

ಹೆಣ್ಣು ಹೂವು ಬಂದ ಮೇಲೂ ಆ ಪುಟ್ಟ ಕಾಯಿಗಳು ಒಂದೊಂದಾಗಿ ಹಳದಿಯಾಗಿ ಉದುರಿದವು. ನೀರು ಸಾಲದು ಅಂತ ನೀರು ಜಾಸ್ತಿ ಹಾಕಿದೆ, ಗೊಬ್ಬರ ಸಾಲದು ಅಂತ ಕೊಟ್ಟಿಗೆ ಗೊಬ್ಬರ ಕೊಟ್ಟೆ, ದಿನಾ ಬೆಳಗ್ಗೆ ಎದ್ದ ಕೂಡಲೇ ಹೋಗಿ ನೋಡೋದು, ಬೇಜಾರು ಮಾಡ್ಕೊಂಡು ಒಳಗೆ ಬರೋದು. ಊರಿಂದ ಬಂದ ಅಮ್ಮ ಸಂಜೆ ಕಾಫಿ ಲೋಟ ಹಿಡಿದು ಬಳ್ಳಿ ಹತ್ತಿರ ನಿಂತವರು, "ಬೆಳಗ್ಗೆ ಬಂದು ಏನು ನೋಡ್ತೀಯ? ಹೀರೆ ಹೂವು ಅರಳೋದೇ ಹೊತ್ತು ಇಳಿದ ಮೇಲೆ ಕಣೆ" ಅಂದರು.

ಅಷ್ಟೇ ವಿಷಯ. ಕುಂಬಳದ ಹೂವು ಬೆಳಗ್ಗೆ ಅರಳುತ್ತೆ, ಜೇನುಹುಳ ಬಂದು ಗಂಡು ಹೂವಿನ ಹಳದಿ ಪುಡಿ (ಪರಾಗ) ಹೆಣ್ಣು ಹೂವಿಗೆ ಮುಟ್ಟಿಸಿ ಕೆಲಸ ಮುಗಿಸುತ್ತೆ. ಹೀರೆ ಹೂವು ಬಿಚ್ಚಿಕೊಳ್ಳೋದು ಸಂಜೆ, ಆ ಹೊತ್ತಿಗೆ ನಮ್ಮ ಹಿತ್ತಲಿಗೆ ಒಂದು ಹುಳವೂ ಬರ್ತಿರಲಿಲ್ಲ. ಹಾಗಾಗಿ ಕೈಯಾರೆ ಮಾಡಬೇಕಾಯಿತು. ಆಗತಾನೇ ಅರಳಿದ ಗಂಡು ಹೂವು ಕಿತ್ತು, ಎಸಳು ತೆಗೆದು, ಹಳದಿ ಪುಡಿ ಬೆರಳಿಗೆ ಹತ್ತುತ್ತಾ ಅಂತ ಮುಟ್ಟಿ ನೋಡಿ, ಹೆಣ್ಣು ಹೂವಿನ ನಡುವೆ ಮೆತ್ತಗೆ ಸವರುವುದು. ಜೋರಾಗಿ ಉಜ್ಜಬಾರದು. ಒಂದು ಗಂಡು ಹೂವು ಎರಡು ಹೆಣ್ಣಿಗೆ ಸಾಕು. ಸವರಿದ ಹೂವಿನ ತೊಟ್ಟಿಗೆ ಕೆಂಪು ದಾರ ಕಟ್ಟಿಟ್ಟೆ. ಐದು ದಾರದಲ್ಲಿ ನಾಲ್ಕು ಕಾಯಿ ನಿಂತಿವೆ! ದಾರ ಕಟ್ಟದ ಎರಡೂ ಉದುರಿದವು.

ಬೆಂಡೆ ಹೇಳದೇ ಕೇಳದೇ ಚೆನ್ನಾಗಿ ಬರ್ತಿದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಅರ್ಕಾ ಅನಾಮಿಕ ತಳಿ, 48ನೇ ದಿನಕ್ಕೆ ಮೊದಲ ಕೊಯ್ಲು. ದಿನ ಬಿಟ್ಟು ದಿನ ಕೊಯ್ಯಲೇಬೇಕು, ಇಲ್ಲದಿದ್ದರೆ ನಾರು ಬಲಿಯುತ್ತೆ. ಹಳೆ ಪೊಟ್ಟಣದ ಬೇರೆ ಬೀಜದಿಂದ ಬಂದ ಎರಡು ಗಿಡಕ್ಕೆ ಮಾತ್ರ ಎಲೆಯ ನರ ಹಳದಿಯಾಗಿ ನಂಜು ರೋಗ ಬಂತು. ಬಿಳಿ ನೊಣ ಹರಡುವ ರೋಗ ಇದು, ಬೇಸಿಗೆಯಲ್ಲಿ ಜಾಸ್ತಿ. ಬಂದ ಗಿಡಕ್ಕೆ ಮದ್ದಿಲ್ಲ. ಕಾಯಿ ಇತ್ತು, ಕೀಳೋಕೆ ಮನಸ್ಸು ಬರಲಿಲ್ಲ, ಆದರೂ ಉಳಿದ ಗಿಡಗಳಿಗೋಸ್ಕರ ಕಿತ್ತು ಹಾಕಿದೆ.

ಟೊಮೇಟೊ ಹೂವು ಉದುರಿಸುತ್ತಿದೆ. ಹಗಲು 35 ಡಿಗ್ರಿ ಹತ್ತಿರ ಹೋದರೆ ಅದು ಹಾಗೇನೇ. ಮಧ್ಯಾಹ್ನದ ಬಿಸಿಲಿಗೆ ಹಳೆ ಹತ್ತಿ ಸೀರೆ ಕಟ್ಟಿದ್ದೇನೆ, ನೋಡೋಣ.

ಹೂವಿನ ಕಡೆ ಬಂದರೆ ಈಗ ಮಲ್ಲಿಗೆಯದೇ ರಾಜ್ಯ. ಡಿಸೆಂಬರ್ ಕೊನೆಯಲ್ಲಿ ಗಿಡವನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿದ್ದೆ, ಹಳೇ ಎಲೆ ಎಲ್ಲ ಉದುರಿಸಿದ್ದೆ. ಈಗ ದಿನಾ ಒಂದು ಮೊಳಕ್ಕೆ ಆಗುವಷ್ಟು ಮೊಗ್ಗು. ಸಂಜೆ ಅಮ್ಮ ಕಟ್ಟೆ ಮೇಲೆ ಕೂತು ಬಾಳೆನಾರಿನಲ್ಲಿ ಕಟ್ಟುತ್ತಾರೆ, ನಡುನಡುವೆ ಎರಡು ಕನಕಾಂಬರ ಸೇರಿಸಿ. ಆ ಮಾಲೆಯಷ್ಟು ಚೆಂದ ಅಂಗಡಿಯಲ್ಲಿ ಸಿಗೋದಿಲ್ಲ, ನಿಜವಾಗ್ಲೂ. ದಾಸವಾಳಕ್ಕೆ ಮಾತ್ರ ಬಿಳಿ ಹಿಟ್ಟು ತಿಗಣೆ ಕಾಟ. ಪೈಪಿನಲ್ಲಿ ಜೋರಾಗಿ ನೀರು ಬಿಟ್ಟು ತೊಳೆದು, ಲೀಟರ್ ನೀರಿಗೆ 5 ಎಂ.ಎಲ್. ಬೇವಿನ ಎಣ್ಣೆ, ಸ್ವಲ್ಪ ಸೋಪಿನ ನೀರು ಬೆರೆಸಿ ವಾರಕ್ಕೊಮ್ಮೆ ಹೊಡೀತಿದ್ದೇನೆ. ಹೊತ್ತು ಮುಳುಗಿದ ಮೇಲೆಯೇ ಹೊಡೆಯಬೇಕು, ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತೆ. ಕಾಂಡದ ಮೇಲೆ ಇರುವೆ ಸಾಲು ಕಂಡರೆ ಅದನ್ನೂ ತಡೀಬೇಕು, ತಿಗಣೆಯ ಸಿಹಿ ಅಂಟಿಗೆ ಬರೋ ಇರುವೆಗಳು ಅದನ್ನು ಕಾಪಾಡುತ್ತವೆ.

ನೀರು ಬೆಳಗ್ಗೆ ಏಳರೊಳಗೆ, ಬುಡಕ್ಕೆ ಮಾತ್ರ. ಅಕ್ಕಿ ತೊಳೆದ ನೀರು ಮಲ್ಲಿಗೆಗೆ. ಪಾತಿ ಮೇಲೆಲ್ಲ ಒಣಗಿದ ಎಲೆ, ತೆಂಗಿನ ನಾರು ಹೊದಿಸಿದ ಮೇಲೆ ಎರಡು ದಿನಕ್ಕೊಮ್ಮೆ ಕೊಟ್ಟರೂ ಮಣ್ಣು ತಂಪಾಗೇ ಇದೆ.

ಮೊದಲ ಹೀರೆಕಾಯಿ ನಾಳಿದ್ದು ಕೊಯ್ಯೋದು ಅಂತ ಅಮ್ಮ ಹೇಳಿದ್ದಾರೆ. ಸಿಪ್ಪೆಯದು ಚಟ್ನಿ, ತಿರುಳಿನದು ಬಜ್ಜಿ, ಅದೂ ನಿಶ್ಚಯ ಆಗಿದೆ. ಇವತ್ತು ಇನ್ನೂ ಮೂರು ಹೆಣ್ಣು ಮೊಗ್ಗು ಅರಳೋ ಹಾಗಿವೆ. ದಾರ ಕತ್ತರಿಸಿ ಇಟ್ಟಿದ್ದೇನೆ. ಚಾಮುಂಡಿ ಬೆಟ್ಟದ ಕಡೆ ಮೋಡ ಕಟ್ಟಿದೆ, ಮಳೆ ಬೇಕೇ ಬೇಕು, ಆದರೆ ಸಂಜೆ ಆರು ಗಂಟೆ ಆದ ಮೇಲೆ ಬರಲಿ. ಪುಡಿ ನೆನೆದರೆ ಹತ್ತೋದಿಲ್ಲ.