ಒಂದೇ ಮನೆಯಲ್ಲಿ ಎರಡು 21

ಅಣ್ಣನ ಮಗಳಿಗೆ ಮುಂದಿನ ವರ್ಷ 21 ತುಂಬುತ್ತದೆ. ಹುಟ್ಟಿದ್ದು ಇಲ್ಲೇ ವಿಜಯಪುರದಲ್ಲಿ. ಮೂರು ವರ್ಷದ ಕೂಸಿದ್ದಾಗ ಅಮೆರಿಕಕ್ಕೆ ಹೋದವಳು, ಶಾಲೆ ಕಾಲೇಜು ಎಲ್ಲಾ ಅಲ್ಲೇ. ಅವಳ ತಮ್ಮ ಹುಟ್ಟಿದ್ದು ಅಲ್ಲಿ, ಹಾಗಾಗಿ ಅವನು ಹುಟ್ಟಿನಿಂದಲೇ ಆ ದೇಶದ ಪ್ರಜೆ. ಅಕ್ಕನದು ಅಪ್ಪನ ಎಚ್-1ಬಿ ಅನ್ನುವ ಕೆಲಸದ ವೀಸಾಕ್ಕೆ ಅಂಟಿಕೊಂಡ, ಹೆಂಡತಿ ಮಕ್ಕಳಿಗೆ ಕೊಡುವ ಎಚ್-4 ವೀಸಾ. 21 ತುಂಬಿದ ದಿನ ಅದು ಮುಗಿಯುತ್ತದೆ. ಬೇರೆ ವೀಸಾ ಸಿಗದಿದ್ದರೆ ಅವಳು ದೇಶ ಬಿಡಬೇಕು.

ಹಾಗಾದರೆ ಅಣ್ಣ ಗ್ರೀನ್ ಕಾರ್ಡಿಗೆ, ಅಂದರೆ ಅಲ್ಲೇ ಕಾಯಂ ನೆಲೆಸುವ ಪರವಾನಗಿಗೆ, ಅರ್ಜಿ ಹಾಕಿಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಹಾಕಿ ಹತ್ತು ವರ್ಷದ ಮೇಲಾಯಿತು. ಅವನ ಕಂಪನಿಯ ಅರ್ಜಿ ಮಂಜೂರೂ ಆಗಿದೆ. ಆದರೆ ಪಾಳಿ ಬಂದಿಲ್ಲ. 1990ರ ಕಾನೂನಿನ ಪ್ರಕಾರ ಕೆಲಸದ ಮೇಲೆ ಕೊಡುವ ಗ್ರೀನ್ ಕಾರ್ಡು ವರ್ಷಕ್ಕೆ ಸುಮಾರು 1,40,000, ಅದರಲ್ಲೂ ಹೆಂಡತಿ ಮಕ್ಕಳನ್ನು ಸೇರಿಸಿಯೇ ಎಣಿಸುತ್ತಾರೆ. ಒಂದು ದೇಶದಲ್ಲಿ ಹುಟ್ಟಿದವರಿಗೆ 7 ಶೇಕಡಾ ಮಿತಿ ಬೇರೆ. ಭಾರತಕ್ಕೂ ಅಷ್ಟೇ, ನಮ್ಮ ತಾಲೂಕಿನಷ್ಟು ಜನ ಇರುವ ದೇಶಕ್ಕೂ ಅಷ್ಟೇ. ಮೂವತ್ತೈದು ವರ್ಷ ಆದರೂ ಆ ಸಂಖ್ಯೆ ಹಾಗೇ ಇದೆ.

ಪಾಳಿ ಬಂದಾಗ ಕಾಗದ ಸಿದ್ಧ ಇರಲಿ ಅಂತ ಅಣ್ಣನ ವಕೀಲರು ಅವನ ಜನನ ಪ್ರಮಾಣಪತ್ರ ಕೇಳಿದ್ದರು. ಅದಕ್ಕೆ ಇಲ್ಲಿ ಓಡಾಡಿದ್ದು ನಾನು. ಹಳೇ ರಿಜಿಸ್ಟರ್‌ನಲ್ಲಿ ಅಪ್ಪನ ಹೆಸರಿತ್ತು, ಅವ್ವನ ಹೆಸರಿತ್ತು, ಮಗುವಿನ ಹೆಸರಿನ ಜಾಗ ಖಾಲಿ. ಆಗೆಲ್ಲ ಹೆಸರಿಡುವ ಮುಂಚೆಯೇ ‘ಗಂಡು’ ಅಂತ ಬರೆಸಿ ಬಿಡುತ್ತಿದ್ದರು. ಪಾಸ್‌ಪೋರ್ಟಿನಲ್ಲಿ ಬಿಜಾಪುರ, ಹೊಸ ಪತ್ರದಲ್ಲಿ ವಿಜಯಪುರ, 2014ರಲ್ಲಿ ಊರಿನ ಹೆಸರು ಬದಲಾಯಿತಲ್ಲ, ಅದಕ್ಕೊಂದು ವಿವರಣೆ. ಕೊನೆಗೆ ಸೋದರಮಾವನದೊಂದು, ಅವ್ವನದೊಂದು ಅಫಿಡವಿಟ್ ಮಾಡಿಸಿದೆವು. ನೋಟರಿ ಎದುರು ಅವ್ವ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು, ಇವನು ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗ ಅಂತ. ತಲೆ ಬೆಳ್ಳಗಾದ ಮಗನನ್ನು ಮಗ ಅಂತ ಸಾಬೀತು ಮಾಡು ಅನ್ನುವ ಕಾನೂನು, 21 ತುಂಬಿದ ಮಗಳು ಇನ್ನು ನಿನ್ನ ಕುಟುಂಬದ ಲೆಕ್ಕಕ್ಕಿಲ್ಲ ಅನ್ನುತ್ತದೆ. ಇದು ನನಗೆ ಇವತ್ತಿಗೂ ನುಂಗಲು ಆಗುತ್ತಿಲ್ಲ.

ಮಕ್ಕಳ ವಯಸ್ಸು ಉಳಿಸಲು ಅಂತಲೇ 2002ರಲ್ಲಿ ಒಂದು ಕಾನೂನು ಬಂತು. ಕಂಪನಿಯ ಅರ್ಜಿ ಪರಿಶೀಲಿಸಲು ಅಲ್ಲಿನ ವಲಸೆ ಕಚೇರಿ ತೆಗೆದುಕೊಂಡ ದಿನಗಳನ್ನು ಮಗುವಿನ ವಯಸ್ಸಿನಿಂದ ಕಳೆಯುತ್ತಾರೆ. ಆದರೆ ಮಂಜೂರಾದ ಮೇಲೆ ಪಾಳಿಯಲ್ಲಿ ಕಾದ ವರ್ಷಗಳನ್ನು ಕಳೆಯುವುದಿಲ್ಲ. ನಮ್ಮವರು ಕಾಯುವುದೇ ಅಲ್ಲಿ! 2023ರಲ್ಲಿ ವಯಸ್ಸು ಲೆಕ್ಕ ಹಾಕಲು ಸ್ವಲ್ಪ ಮುಂಚಿನ ದಿನಾಂಕ ಹಿಡಿಯಲು ಒಪ್ಪಿದ್ದರು. 2025ರ ಆಗಸ್ಟ್‌ನಲ್ಲಿ ಅದನ್ನೂ ವಾಪಸ್ ತೆಗೆದುಕೊಂಡರು. ಒಬಾಮ ಕಾಲದಲ್ಲಿ, 2012ರಲ್ಲಿ, ಚಿಕ್ಕವರಿದ್ದಾಗ ಬಂದ ಮಕ್ಕಳಿಗೆ ಡಾಕಾ ಅನ್ನುವ ರಕ್ಷಣೆ ಕೊಟ್ಟರು. ಅದು ಕಾಗದಪತ್ರ ಇಲ್ಲದ ಮಕ್ಕಳಿಗೆ. ಆ ಮಕ್ಕಳಿಗೆ ಸಿಕ್ಕಿದ್ದು ನ್ಯಾಯವೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ವೀಸಾ ಸರಿಯಾಗಿ ಇಟ್ಟುಕೊಂಡು ಬೆಳೆದ ಇವಳಂಥವರು ಅದಕ್ಕೆ ಅರ್ಜಿ ಹಾಕುವಂತೆಯೇ ಇರಲಿಲ್ಲ.

ಇನ್ನೊಂದು ನೋಡಿ. ತಮ್ಮನಿಗೆ 21 ತುಂಬಿದರೆ ಅವನು ಪ್ರಜೆಯಾಗಿ ಅಪ್ಪ ಅವ್ವನಿಗೆ ಗ್ರೀನ್ ಕಾರ್ಡ್ ಕೇಳಬಹುದು, ತಂದೆ ತಾಯಿಗೆ ಸಂಖ್ಯೆಯ ಮಿತಿಯೇ ಇಲ್ಲ. ಅಕ್ಕನಿಗೆ ಕೇಳಿದರೆ? ಒಡಹುಟ್ಟಿದವರ ಪಾಳಿ ಬೇರೆ. ಅದರಲ್ಲಿ ಭಾರತದವರದು 2006ರ ಆಸುಪಾಸಿನ ಅರ್ಜಿಗಳೇ ಈಗ ಮುಂದೆ ಸರಿಯುತ್ತಿವೆ.

ಜಾತ್ರೆಗೆ ಬಂದ ಬೀಗರೊಬ್ಬರು ಅಂದರು, ‘ಅಲ್ರೀ, ಅಷ್ಟೆಲ್ಲ ಯಾಕೆ, ವಾಪಸ್ ಬರಲಿ ಬಿಡ್ರಿ, ಇಲ್ಲಿ ಏನು ಕಡಿಮೆ ಐತಿ?’ ಅಂತ. ಕಡಿಮೆ ಏನೂ ಇಲ್ಲ. ಅಜ್ಜಿ ಜೊತೆ ಫೋನಿನಲ್ಲಿ ‘ಊಟ ಆತೇನಬೇ’ ಅಂತ ಚಂದಾಗಿ ಮಾತಾಡುತ್ತಾಳೆ. ಆದರೆ ಕನ್ನಡ ಓದಲು ಬರುವುದಿಲ್ಲ, ಅವಳ ಗೆಳತಿಯರು, ಓದು, ತಮ್ಮ, ಎಲ್ಲಾ ಅಲ್ಲಿದೆ. ಬರುವುದಾದರೆ ಅವಳು ಮನಸ್ಸು ಮಾಡಿ ಬರಲಿ. ಹುಟ್ಟುಹಬ್ಬ ಬಂತು ಅಂತ ಕಳಿಸುವುದು ಬೇರೆ. ನಮ್ಮ ಅಪ್ಪ ತೀರಿಕೊಂಡಾಗಲೂ ಅಣ್ಣ ಒಬ್ಬನೇ ಬಂದಿದ್ದ. ವಾಪಸ್ ಹೋಗಲು ಪಾಸ್‌ಪೋರ್ಟಿಗೆ ಹಾಕಿಸಬೇಕಾದ ವೀಸಾ ಸ್ಟಾಂಪಿಂಗ್ ತಡವಾದರೆ ಎಲ್ಲರೂ ಇಲ್ಲೇ ಸಿಕ್ಕಿಕೊಳ್ಳುತ್ತೇವೆ ಅನ್ನುವ ಹೆದರಿಕೆ.

ಈಗ ಅವಳು ವಿದ್ಯಾರ್ಥಿ ವೀಸಾಕ್ಕೆ ಓಡಾಡುತ್ತಿದ್ದಾಳೆ. ಅದಕ್ಕೆ ಓದು ಮುಗಿಸಿ ನನ್ನ ದೇಶಕ್ಕೆ ಹೋಗುತ್ತೇನೆ ಅಂತ ತೋರಿಸಬೇಕು, ಮೂರು ವರ್ಷಕ್ಕೇ ಬಿಟ್ಟುಹೋದ ಊರನ್ನು ತೋರಿಸಬೇಕು.

ದೇಶವಾರು ಮಿತಿ ತೆಗೆದರೆ ಬೇರೆ ದೇಶದವರ ಪಾಳಿ ಉದ್ದವಾಗುತ್ತದೆ ಅನ್ನುತ್ತಾರೆ. ಆ ಮಾತು ಸುಳ್ಳಲ್ಲ. 2019ರಲ್ಲಿ ಅಮೆರಿಕ ಸಂಸತ್ತಿನ ಕೆಳಮನೆ 365-65 ಮತಗಳಲ್ಲಿ ಮಿತಿ ತೆಗೆಯಲು ಒಪ್ಪಿತು, ಮರುವರ್ಷ ಮೇಲ್ಮನೆ ಸೆನೆಟ್ ಬೇರೆ ರೂಪದಲ್ಲಿ ಒಪ್ಪಿತು, ಎರಡೂ ರೂಪ ಒಂದಾಗಲೇ ಇಲ್ಲ, ಕಾನೂನಾಗಲಿಲ್ಲ. ಆ ಜಗಳ ನಡೆಯಲಿ. ಆದರೆ ಅರ್ಜಿ ಹಾಕಿದ ದಿನ ಮಗುವಿಗೆ ಎಷ್ಟು ವಯಸ್ಸೋ ಅಷ್ಟೇ ಅಂತ ಹಿಡಿಯಿರಿ ಅನ್ನುವುದಕ್ಕೆ ಅಷ್ಟು ದೊಡ್ಡ ಜಗಳ ಬೇಕಿಲ್ಲ ಅಲ್ವಾ? ಇಂಥದ್ದೇ ಮಸೂದೆ 2021ರಲ್ಲಿ ಎರಡೂ ಪಕ್ಷದವರ ಬೆಂಬಲದಿಂದ ಮಂಡನೆಯಾಯಿತು, 2023ರಲ್ಲಿ ಮತ್ತೆ ಬಂತು, ಪಾಸಾಗಲಿಲ್ಲ.

ನಮ್ಮ ಕಡೆಯಿಂದ ಹೋಗಿ ಅಲ್ಲಿ ಪ್ರಜೆಗಳಾದವರು ಎಷ್ಟೋ ಜನ ಇದ್ದೀರಿ. ನಿಮ್ಮ ಪಾಳಿ ಮುಗಿದಿದೆ, ನಿಮಗೆ ಓಟಿದೆ. ನಿಮ್ಮ ಕ್ಷೇತ್ರದ ಪ್ರತಿನಿಧಿಯ ಕಚೇರಿಗೆ ಒಂದು ಫೋನ್ ಮಾಡಿ ಈ ಮಕ್ಕಳ ವಿಷಯ ಕೇಳಿ. ನಾವು ಇಲ್ಲಿಂದ ಕೇಳಿದರೆ ಅವರು ಕಿವಿಗೆ ಹಾಕಿಕೊಳ್ಳುವುದಿಲ್ಲ, ನೀವು ಕೇಳಿದರೆ ಉತ್ತರ ಕೊಡಲೇಬೇಕು.