ಕಲ್ಲಿದ್ದಲು ನಿಲ್ಲಿಸಿ ಸೋಲಾರ್ ಹಾಕಿದರೆ ಮುಗೀತಲ್ಲ, ಓದೋಕೆ ಏನಿದೆ?

ಒಂದು ನಾಡಿನ ಆರ್ಥಿಕತೆ ಪರಿಸರಕ್ಕೆ ಹೊರೆಯಾಗದ ದಾರಿಗೆ ಹೇಗೆ ಹೊರಳುತ್ತದೆ ಎಂದು ಅಧ್ಯಯನ ಮಾಡುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಮದುವೆಮನೆಯ ಪಂಕ್ತಿಯಲ್ಲಿ, ರೈಲಿನಲ್ಲಿ, ವಾಟ್ಸಾಪ್ ಗುಂಪಿನಲ್ಲಿ ಒಂದೇ ಧಾಟಿ: “ಕಲ್ಲಿದ್ದಲು ನಿಲ್ಲಿಸಿ ಸೋಲಾರ್ ಹಾಕಿದರೆ ಮುಗೀತಲ್ಲ, ಅದರಲ್ಲಿ ವರ್ಷಗಟ್ಟಲೆ ಓದೋಕೆ ಏನಿದೆ?” ಸಾರು ಬಡಿಸಿದ ಮೇಲೆ ಪಾಯಸ ಬರುವುದರೊಳಗೆ ಉತ್ತರ ಮುಗಿಯಬೇಕು ಎಂಬ ನಿರೀಕ್ಷೆ ಬೇರೆ. ಮುಗಿಯುವುದಿಲ್ಲ. ಬಾಯಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಉತ್ತರವನ್ನು ಮೊದಲೇ ತೀರ್ಮಾನಿಸಿಕೊಂಡು, ಬರೀ ತಲೆಯಾಡಿಸಲಿ ಎಂದು ಕೇಳುತ್ತಾರಲ್ಲ, ಸಿಟ್ಟು ಬರುವುದು ಅಲ್ಲಿ. ಸರಿ, ಆ ತೀರ್ಮಾನವನ್ನೇ ಲೆಕ್ಕಕ್ಕೆ ಹಚ್ಚೋಣ.

ರಾಯಚೂರು ಜಿಲ್ಲೆಯ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಸಾಮರ್ಥ್ಯ 1,720 ಮೆಗಾವಾಟ್. 210 ಮೆಗಾವಾಟಿನ ಏಳು ಘಟಕ, 250ರದ್ದು ಒಂದು. ತುಮಕೂರು ಜಿಲ್ಲೆಯ ಪಾವಗಡ ಸೋಲಾರ್ ಪಾರ್ಕಿನದು 2,050 ಮೆಗಾವಾಟ್. “ನೋಡಿ, ಸೋಲಾರೇ ದೊಡ್ಡದಾಯಿತಲ್ಲ!” ಇಲ್ಲ. ಗರಿಷ್ಠವೆಂದರೆ ಎಷ್ಟು ಕೊಡಬಲ್ಲದು ಎನ್ನುವುದಷ್ಟೇ ಮೆಗಾವಾಟ್. ವರ್ಷಕ್ಕೆ ಎಷ್ಟು ಯೂನಿಟ್ ಬಂತು ಎಂದು ತಿಳಿಯಬೇಕಾದರೆ ಅದನ್ನು 8,760 ಗಂಟೆಗಳಿಂದ ಗುಣಿಸಿ, ಬಂದದ್ದರಲ್ಲಿ ನಿಜವಾಗಿ ಎಷ್ಟು ಪಾಲು ಸಿಕ್ಕಿತು ಎಂದು ಮತ್ತೆ ಗುಣಿಸಬೇಕು. ಅಭ್ಯಾಸಕ್ಕೆ ಸೋಲಾರಿಗೆ ಶೇ. 20, ಕಲ್ಲಿದ್ದಲಿಗೆ ಶೇ. 70 ಎಂದಿಟ್ಟುಕೊಳ್ಳಿ. ಪಾವಗಡದಿಂದ ಸುಮಾರು 359 ಕೋಟಿ ಯೂನಿಟ್, ರಾಯಚೂರಿನಿಂದ ಸುಮಾರು 1,055 ಕೋಟಿ ಯೂನಿಟ್. ಮೂರು ಪಟ್ಟು ಅಂತರ. ಹೊಸದಾಗಿ ಈ ವಿಷಯಕ್ಕೆ ಬರುವವರು ಎಡವುವ ಮೊದಲ ಕಲ್ಲು ಇದು: ಮೆಗಾವಾಟನ್ನೂ ಯೂನಿಟ್ಟನ್ನೂ ಒಂದೇ ತಕ್ಕಡಿಗೆ ಹಾಕುವುದು.

ಯೂನಿಟ್ ಸರಿದೂಗಿಸಿದರೂ ಹೊತ್ತು ಸರಿದೂಗುವುದಿಲ್ಲ. ಬಿಸಿಲು ಮಧ್ಯಾಹ್ನ ಹೆಚ್ಚು, ಮನೆಗಳ ದೀಪ, ಟಿವಿ, ಮಿಕ್ಸಿ ನಡೆಯುವುದು ಸಂಜೆ. ಹಾಗಾದರೆ ಮಧ್ಯಾಹ್ನ ಕಲ್ಲಿದ್ದಲಿನ ಘಟಕ ನಿಲ್ಲಿಸಿ ಸಂಜೆ ಹಚ್ಚಬಹುದಲ್ಲ? ಆಗದು. ಪೂರ್ತಿ ತಣ್ಣಗಾದ ಬಾಯ್ಲರನ್ನು ಮತ್ತೆ ಹದಕ್ಕೆ ತರಲು ಗಂಟೆಗಟ್ಟಲೆ ಬೇಕು, ಮೇಲೆ ಎಣ್ಣೆ ಸುಡಬೇಕು. ಆದ್ದರಿಂದ ಘಟಕವನ್ನು ನಂದಿಸದೆ ತಗ್ಗಿಸುತ್ತಾರೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ನಿಯಮ ಮೊದಲ ಹಂತದಲ್ಲಿ ಪೂರ್ಣ ಸಾಮರ್ಥ್ಯದ ಶೇ. 55ರವರೆಗೆ ತಗ್ಗಿಸಬೇಕು ಎನ್ನುತ್ತದೆ. 210ರ ಘಟಕಕ್ಕೆ ಅದು ಸುಮಾರು 115 ಮೆಗಾವಾಟ್. ಹಾಗೆ ತಗ್ಗಿ ಓಡುವಾಗ ಒಂದು ಯೂನಿಟ್ಟಿಗೆ ತಗಲುವ ಕಲ್ಲಿದ್ದಲು ಹೆಚ್ಚುತ್ತದೆ. ಸೋಲಾರಿನಿಂದ ಎಷ್ಟು ಹೊಗೆ ತಪ್ಪಿತು ಎಂದು ಲೆಕ್ಕ ಹಾಕುವಾಗ ಇದನ್ನು ಕಳೆಯದ ಪ್ರಬಂಧಗಳು ಬೇಕಾದಷ್ಟಿವೆ.

ಮಧ್ಯಾಹ್ನದ್ದನ್ನು ಸಂಜೆಗೆ ಕೂಡಿಡಬೇಕೆಂದರೆ ಬ್ಯಾಟರಿ ಬೇಕು, ಇಲ್ಲವೇ ನೀರನ್ನು ಮೇಲಕ್ಕೆತ್ತಿ ಇಡಬೇಕು. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವಿನ 2,000 ಮೆಗಾವಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಪ್ರಸ್ತಾವ ಅದಕ್ಕೇ ಹುಟ್ಟಿದ್ದು. ಅದು ಹಾಯುವುದು ಸಿಂಗಳೀಕದ ಕಾಡಿನೊಳಗೆ. ಹೊಗೆ ತಪ್ಪಿಸಲು ಕಾಡು ಕೊಡಬೇಕೇ ಎನ್ನುವುದನ್ನು ಬರೀ ಎಂಜಿನಿಯರುಗಳಿಗೆ ಬಿಡುವುದು ತಪ್ಪು ಎಂದು ನಾನು ಖಂಡಿತವಾಗಿ ನಂಬಿದ್ದೇನೆ.

ಇನ್ನು ದುಡ್ಡಿನ ಲೆಕ್ಕ. ಪಾವಗಡದಲ್ಲಿ ಸುಮಾರು 13,000 ಎಕರೆಯನ್ನು ರೈತರಿಂದ ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಊರುಗಳ ಜಮೀನು. 28 ವರ್ಷ, ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮಳೆ ಕೈಕೊಡುವ ಸೀಮೆಯಲ್ಲಿ ಜಮೀನು ಕಳೆದುಕೊಳ್ಳದೆ ಖಚಿತ ಆದಾಯ ಬರುವುದು ಸಣ್ಣ ಮಾತಲ್ಲ, ಈ ಮಾದರಿಯನ್ನು ಹೊಗಳಲೇಬೇಕು. ಆದರೆ ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ. ಹದಿಮೂರು ಏರಿಕೆ ಕಳೆದು 27ನೇ ವರ್ಷಕ್ಕೆ ಗುತ್ತಿಗೆ ಹಣ ಸುಮಾರು 39,600 ರೂಪಾಯಿ. ಬೆಲೆಗಳು ರಿಸರ್ವ್ ಬ್ಯಾಂಕ್ ಗುರಿಯಿಟ್ಟಂತೆ ವರ್ಷಕ್ಕೆ ಶೇ. 4ರಷ್ಟೇ ಏರಿದರೂ, ಆ 39,600ರ ಬೆಲೆ ಮೊದಲ ವರ್ಷದ ಹಣದಲ್ಲಿ ಸುಮಾರು 14,300. ಏರುತ್ತಾ ಹೋದಂತೆ ಕಾಣುವ ಬಾಡಿಗೆ ನಿಜದಲ್ಲಿ ಮೂರರಲ್ಲಿ ಒಂದು ಪಾಲು ಕರಗಿರುತ್ತದೆ. ಏಕೆಂದರೆ ಎರಡು ವರ್ಷಕ್ಕೆ ಶೇ. 5 ಎಂದರೆ ವರ್ಷಕ್ಕೆ ಶೇ. 2.5 ಕೂಡ ಇಲ್ಲ. ಒಪ್ಪಂದ ಬರೆಯುವ ದಿನವೇ ಏರಿಕೆಯನ್ನು ಬೆಲೆ ಸೂಚ್ಯಂಕಕ್ಕೆ ಕಟ್ಟಿದ್ದರೆ ಈ ಸೋರಿಕೆ ಇರುತ್ತಿರಲಿಲ್ಲ. ಮುಂದಿನ ಪಾರ್ಕಿಗೆ ಜಮೀನು ಕೇಳಿ ಯಾರಾದರೂ ನಿಮ್ಮೂರಿಗೆ ಬಂದರೆ ಸಹಿಗೆ ಮುಂಚೆ ಹಿಡಿಯಬೇಕಾದ ಸಾಲು ಇದೇ.

ಇದಕ್ಕೆ ಅಂಟಿಕೊಂಡೇ ಇನ್ನೊಂದು ಪಾಠವಿದೆ. ಗುತ್ತಿಗೆ ಮುಗಿದಾಗ ಕಂಬ, ಸಿಮೆಂಟು ಬುಡ, ಪ್ಯಾನೆಲ್ ಕಿತ್ತು ಜಮೀನು ಹದ ಮಾಡಲು ಎಕರೆಗೆ ಒಂದು ಲಕ್ಷ ಬೇಕೆಂದು ಭಾವಿಸಿ. ಇವತ್ತಿನ ಯೋಜನಾ ವರದಿಯಲ್ಲಿ ಆ ಲಕ್ಷ ಎಷ್ಟಾಗಿ ಕಾಣುತ್ತದೆ? ಮುಂದೆ ಬರುವ ಖರ್ಚನ್ನು ಇವತ್ತಿನ ಬೆಲೆಗೆ ಇಳಿಸುವ ದರಕ್ಕೆ ವಟ್ಟದ ದರ ಎನ್ನುತ್ತಾರೆ. 28 ವರ್ಷಕ್ಕೆ ಅದನ್ನು ಶೇ. 10 ಎಂದು ಹಿಡಿದರೆ ಸುಮಾರು 6,900 ರೂಪಾಯಿ. ಶೇ. 4 ಹಿಡಿದರೆ ಸುಮಾರು 33,300. ಮಣ್ಣು ಅದೇ, ಸಿಮೆಂಟೂ ಅದೇ, ದರದ ಆಯ್ಕೆಯಿಂದ ಖರ್ಚು ಸುಮಾರು ಐದು ಪಟ್ಟು ಬದಲಾಯಿತು. ದರವನ್ನು ಯಾರು, ಏಕೆ ಆರಿಸಿದರು ಎಂದು ಕೇಳುವುದೇ ಈ ಶಾಸ್ತ್ರದ ಅರ್ಧ ಓದು.

ಬಾಡಿಗೆ ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಪೌತಿ ಖಾತೆ ಆಗದೆ ತೀರಿಹೋದ ಅಜ್ಜನ ಹೆಸರಿನಲ್ಲೇ ಉಳಿದ ಜಮೀನಿಗೆ ಹಣ ಸಲೀಸಾಗಿ ಇಳಿಯುವುದಿಲ್ಲ. ಸರ್ಕಾರಿ ಜಮೀನನ್ನು ಮಂಜೂರಾತಿ ಇಲ್ಲದೆ ಉಳುತ್ತಿರುವ ಬಗರ್ ಹುಕುಂ ಸಾಗುವಳಿದಾರರ ಕೈಯಲ್ಲಿ ತೋರಿಸಲು ಕಾಗದವಿರುವುದಿಲ್ಲ. ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ಶೇಂಗಾ ಬಿಡಿಸುತ್ತಿದ್ದ ಕೂಲಿಯವರಿಗೂ ಕುರಿ ಮೇಯಿಸುತ್ತಿದ್ದವರಿಗೂ ಗುತ್ತಿಗೆಯಲ್ಲಿ ಪಾಲಿಲ್ಲ. ಕಟ್ಟುವ ಕಾಲದಲ್ಲಿ ಕೆಲಸ ಬಹಳ, ಕಟ್ಟಿ ಮುಗಿದ ಮೇಲೆ ಉಳಿಯುವುದು ಕಾವಲು, ಹುಲ್ಲು ಕೊಯ್ಯುವುದು, ಪ್ಯಾನೆಲ್ ತೊಳೆಯುವುದು. ಎರಡನ್ನೂ ಕೂಡಿಸಿ “ಇಷ್ಟು ಉದ್ಯೋಗ ಸೃಷ್ಟಿ” ಎಂದು ಬರೆಯುವ ಕೋಷ್ಟಕ ಕಂಡರೆ ನಂಬಬೇಡಿ. ಉದ್ಯೋಗವನ್ನು ಯಾವಾಗಲೂ ಮಾನವ-ವರ್ಷದಲ್ಲಿ ಅಳೆಯಿರಿ: ಒಬ್ಬರಿಗೆ ಆರು ತಿಂಗಳ ಕೆಲಸವೆಂದರೆ ಅರ್ಧ.

“ಹಾಗಾದರೆ ನೀವು ಸೋಲಾರಿಗೆ ವಿರೋಧವೇ?” ಎಂಬ ಮರುಪ್ರಶ್ನೆ ತಕ್ಷಣ ಬರುತ್ತದೆ. ಖಂಡಿತ ಅಲ್ಲ. ಕಲ್ಲಿದ್ದಲು ಹೋಗಲೇಬೇಕು, ಬೇಗ ಹೋಗಬೇಕು. ಹೋಗುವ ದಾರಿಯ ಖರ್ಚನ್ನು ಕೂಲಿಯವರ ತಲೆಗೆ ಕಟ್ಟಬಾರದು ಎಂಬುದಷ್ಟೇ ನನ್ನ ಹಟ.

ನನ್ನನ್ನು ಕೇಳಬೇಕಿದ್ದದ್ದು ಬೇರೊಂದು ಪ್ರಶ್ನೆ: ಈ ವಿದ್ಯುತ್ತು ಯಾವ ಕೆಲಸಕ್ಕೆ ಬೇಕು? ಕರ್ನಾಟಕಕ್ಕೆ ಇದು ಹೊಸ ಪ್ರಶ್ನೆಯೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕೆಂದು ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದ ವಿಜ್ಞಾನಿ ಅಮೂಲ್ಯ ರೆಡ್ಡಿಯವರು ಇದನ್ನೇ ಕೇಳಿದರು. 1987ರಲ್ಲಿ ರಾಜ್ಯದ ದೀರ್ಘಾವಧಿ ವಿದ್ಯುತ್ ಯೋಜನೆ ಬೇಡಿಕೆಯ ಗೆರೆಯನ್ನು ಹಾಗೇ ಮೇಲಕ್ಕೆಳೆದು ಹೊಸ ಸ್ಥಾವರಗಳ ಪಟ್ಟಿ ಕೊಟ್ಟಿತ್ತು. ರೆಡ್ಡಿ ಮತ್ತು ಸಂಗಡಿಗರು ತಿರುಗಿಸಿ ಲೆಕ್ಕ ಹಾಕಿದರು: ದೀಪ ಎಷ್ಟು, ಬಿಸಿನೀರು ಎಷ್ಟು, ನೀರೆತ್ತುವುದು ಎಷ್ಟು. ಗೀಸರಿನ ಬದಲು ಸೌರ ಹೀಟರ್, ಹಳೆ ಬಲ್ಬಿನ ಬದಲು ಕಡಿಮೆ ವಿದ್ಯುತ್ತಿನ ದೀಪ, ಸುಧಾರಿಸಿದ ಪಂಪ್‌ಸೆಟ್ ಎಂದು ಹಿಡಿದಾಗ, ಎಲ್ಲ ಮನೆಗೂ ಬೆಳಕು ಕೊಟ್ಟು ಆ ಯೋಜನೆ ಕೇಳಿದ್ದಕ್ಕಿಂತ ಬಹಳ ಕಡಿಮೆ ವಿದ್ಯುತ್ತಿನಲ್ಲಿ ರಾಜ್ಯ ನಡೆಸಬಹುದೆಂದು 1991ರಲ್ಲಿ ತೋರಿಸಿದರು.

ಇವತ್ತು ಅದೇ ಪ್ರಶ್ನೆಯನ್ನು ಬೋರ್‌ವೆಲ್ ಹತ್ತಿರ ಕೇಳಿ. ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ನೀರಾವರಿ ಪಂಪ್‌ಸೆಟ್ಟುಗಳಿವೆ, ಮಾರಾಟವಾಗುವ ವಿದ್ಯುತ್ತಿನಲ್ಲಿ ಸುಮಾರು ಮೂರನೇ ಒಂದು ಪಾಲು ಅವಕ್ಕೆ. ಸಾವಿರ ಲೀಟರ್ ನೀರನ್ನು 100 ಮೀಟರ್ ಎತ್ತಲು ಭೌತಶಾಸ್ತ್ರದ ಪ್ರಕಾರ ಬೇಕಾದದ್ದು 0.27 ಯೂನಿಟ್. ಮೋಟಾರು, ಪಂಪು, ಪೈಪು ಸೇರಿ ಒಟ್ಟು ದಕ್ಷತೆ ಶೇ. 30 ಇದ್ದರೆ ಅದು 0.9 ಯೂನಿಟ್ ಆಗುತ್ತದೆ. ಒಂದು ಎಕರೆಗೆ ಒಂದು ಇಂಚು ನೀರು ಎಂದರೆ ಸುಮಾರು 1.03 ಲಕ್ಷ ಲೀಟರ್, ಅಂದರೆ 93 ಯೂನಿಟ್. ಗ್ರಿಡ್ಡಿನ ವಿದ್ಯುತ್ತಿನಲ್ಲಿ ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ 65 ಕೆ.ಜಿ. ಅಂತರ್ಜಲ 200 ಮೀಟರಿಗೆ ಇಳಿದರೆ ಎಲ್ಲವೂ ದುಪ್ಪಟ್ಟು. ದಕ್ಷತೆಯನ್ನು ಶೇ. 45ಕ್ಕೆ ಏರಿಸಿದರೆ 93 ಇದ್ದದ್ದು 62 ಆಗುತ್ತದೆ.

ರೈತರು ಒಳ್ಳೆಯ ಪಂಪು ಏಕೆ ಹಾಕುವುದಿಲ್ಲ? ಅವರಿಗೆ ತಿಳಿಯದೆ ಅಲ್ಲ. 10 ಎಚ್‌ಪಿವರೆಗೆ ವಿದ್ಯುತ್ ಉಚಿತ, ಹಾಗಾಗಿ ಯೂನಿಟ್ ಉಳಿಸಿದರೂ ಜೇಬಿಗೆ ಏನೂ ಬಾರದು. ವೋಲ್ಟೇಜ್ ಕುಸಿದಾಗ ಸುಡದ ದಪ್ಪ ವೈಂಡಿಂಗಿನ ಮೋಟಾರು ಅವರಿಗೆ ಬೇಕು. ಸುಟ್ಟರೆ ರಿವೈಂಡಿಂಗ್ ಅಂಗಡಿ, ಸರಿಯಾಗಿ ಸುತ್ತದಿದ್ದರೆ ಪ್ರತಿ ಸಲವೂ ದಕ್ಷತೆ ಕೊಂಚ ಇಳಿತ. ಹಾಗಾಗಿ ಟ್ರಾನ್ಸ್‌ಫಾರ್ಮರ್ ಮತ್ತು ಲೈನು ಸರಿಮಾಡದೆ ಬರೀ ಸ್ಟಾರ್ ಗುರುತಿನ (ಕಡಿಮೆ ವಿದ್ಯುತ್ತಿನ) ಪಂಪು ಹಂಚುವ ಯೋಜನೆ ನೆಲ ಕಚ್ಚುತ್ತದೆ. ಬಹುಪಾಲು ಪಂಪಿಗೆ ಮೀಟರೂ ಇಲ್ಲ. ಬಳಕೆ ಎಂದು ಬರೆಯುವುದು ಅಂದಾಜು. ಕಳ್ಳತನ, ತಂತಿ ನಷ್ಟ ಎಲ್ಲವೂ ಆ ಅಂದಾಜಿನೊಳಗೆ ಸೇರಿಕೊಳ್ಳಬಹುದು.

ಸೋಲಾರ್ ಪಂಪ್ ಬಂದರೆ ಹಗಲೇ ನೀರು ಹಾಯಿಸಬಹುದು, ರಾತ್ರಿ ಹಾವಿಗೆ ಹೆದರಿ ಗದ್ದೆಗೆ ಹೋಗುವುದು ತಪ್ಪುತ್ತದೆ. ಅದೊಂದೇ ಸಾಕು ಅದನ್ನು ಬೇಕೆನ್ನಲು. ಆದರೆ ಎತ್ತುವ ನೀರಿಗೆ ಬೆಲೆಯೇ ಇಲ್ಲವಾದಾಗ ಬಿಸಿಲಿರುವಷ್ಟು ಹೊತ್ತೂ ಪಂಪು ಓಡುತ್ತದೆ. ರಾಜ್ಯದ 2014ರ ಸೋಲಾರ್ ಪಂಪಿನ ‘ಸೂರ್ಯರೈತ’ ಯೋಜನೆ ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಮಿಕ್ಕ ವಿದ್ಯುತ್ತನ್ನು ಬೆಸ್ಕಾಂಗೆ ಮಾರುವ ದಾರಿ ಇಟ್ಟದ್ದು ಅದಕ್ಕೇ: ನೀರೆತ್ತದೆ ಬಿಟ್ಟರೂ ದುಡ್ಡು. ಅಂಥ ವ್ಯವಸ್ಥೆಯಲ್ಲಿ ಒಂದು ತೊಡಕಿದೆ. ಗ್ರಿಡ್ಡಿಗೆ ಕಟ್ಟಿದ ಇನ್ವರ್ಟರ್, ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ, ಲೈನ್‌ಮ್ಯಾನ್ ಜೀವ ಉಳಿಯಲೆಂದು. ಆದ್ದರಿಂದ ಬಿಸಿಲಿರುವ ಅಷ್ಟೂ ಹೊತ್ತು ಆ ಫೀಡರ್, ಅಂದರೆ ಊರಿಗೆ ಬರುವ ಲೈನು, ಜೀವಂತವಿರಬೇಕು, ಇಲ್ಲದಿದ್ದರೆ ರೈತರ ಆದಾಯ ಅಲ್ಲಿಗೇ ನಿಂತಿತು.

ಓದಲು ಹೊರಟವರಿಗೆ ನನ್ನ ಸಲಹೆ: ಸಿದ್ಧಾಂತಕ್ಕೆ ಮೊದಲು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ (ಕೆಇಆರ್‌ಸಿ) ದರ ಆದೇಶ ಒಂದನ್ನು ಪೂರ್ತಿ ಓದಿ, ವಿದ್ಯುತ್ ಖರೀದಿಯ ಕೋಷ್ಟಕದಲ್ಲಿ ಯಾವ ಸ್ಥಾವರಕ್ಕೆ ಎಷ್ಟು ಸ್ಥಿರ ವೆಚ್ಚ, ಎಷ್ಟು ಇಂಧನ ವೆಚ್ಚ ಎಂದು ಬೇರೆ ಮಾಡಿ ನೋಡಿ. ವಿದ್ಯುತ್ ಕೊಳ್ಳದಿದ್ದರೂ ಸ್ಥಿರ ವೆಚ್ಚ ಕಟ್ಟಲೇಬೇಕು ಎಂದು ತಿಳಿದಾಗ “ನಿಲ್ಲಿಸಿ” ಎಂಬ ಮಾತಿನ ಬೆಲೆ ಗೊತ್ತಾಗುತ್ತದೆ. ಗಣಿತದಲ್ಲಿ ಮ್ಯಾಟ್ರಿಕ್ಸ್ ಬೇಕು, ಒಂದು ಉದ್ಯಮ ಕುಗ್ಗಿದರೆ ಉಳಿದವಕ್ಕೆ ಎಷ್ಟು ಪೆಟ್ಟು ಎಂದು ಅಳೆಯುವ, ಅರ್ಥಶಾಸ್ತ್ರಜ್ಞ ಲಿಯೊಂಟಿಫ್ ಹೆಸರಿನ ಲೆಕ್ಕಕ್ಕೆ. ಬೆಂಗಳೂರಿನ ನಾಗರಬಾವಿಯಲ್ಲಿ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ)ನಲ್ಲಿ ಪರಿಸರ ಅರ್ಥಶಾಸ್ತ್ರಕ್ಕೆಂದೇ ವಿಭಾಗವಿದೆ.

ಊರಿಗೆ ಸಮೀಕ್ಷೆಗೆ ಹೋಗುವಾಗ ಪಹಣಿ ಪಟ್ಟಿ ಹಿಡಿದು ಮನೆ ಆರಿಸಬೇಡಿ, ಜಮೀನಿಲ್ಲದವರು ಅದರಲ್ಲಿ ಇರುವುದೇ ಇಲ್ಲ. ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್ ಪಟ್ಟಿ ಹಿಡಿಯಿರಿ. ಯಜಮಾನರ ಜೊತೆಗೆ ಹೆಂಗಸರನ್ನೂ ಬೇರೆಯಾಗಿ ಕೇಳಿ. “ವರ್ಷಕ್ಕೆ ಎಷ್ಟು ದಿನ ಕೂಲಿ?” ಎಂದು ಒಟ್ಟಾಗಿ ಕೇಳಿದರೆ ಉತ್ತರ ಕೆಟ್ಟುಹೋಗುತ್ತದೆ, ಬಿತ್ತನೆಯಲ್ಲಿ ಎಷ್ಟು, ಕಳೆಗೆ ಎಷ್ಟು, ಕೊಯ್ಲಿಗೆ ಎಷ್ಟು, ಪಾರ್ಕು ಬರುವ ಮುಂಚೆ ಯಾರ ಹೊಲಕ್ಕೆ ಹೋಗುತ್ತಿದ್ದಿರಿ, ಈಗ ಎಲ್ಲಿಗೆ ಹೋಗುತ್ತೀರಿ ಎಂದು ಬಿಡಿಬಿಡಿಯಾಗಿ ಕೇಳಿ ಬರೆದುಕೊಳ್ಳಿ.